ಕರಾರಿನೊಳಗಿನ ಆಡು

ಹೊನ್ನಾವರದ ಬಾಡಿಗೆ ಮನೆಯ ಕರಾರಿಗೆ ನಾನು ಸಹಿ ಹಾಕಿದ್ದು ಚಾ ಕುಡಿಯುತ್ತ. ಎಡಗೈಯಲ್ಲಿ ಲೋಟ, ಬಲಗೈಯಲ್ಲಿ ಪೆನ್ನು. ಮನೆಯ ಮಾಲೀಕರು ಕಾಗದದ ಕೆಳಗಿನ ಮೂಲೆಯನ್ನಷ್ಟೇ ಎತ್ತಿ, "ಇಲ್ಲೊಂದು ಹಾಕು, ಮತ್ತೆ ಇಲ್ಲೊಂದು" ಎಂದು ಬೆರಳಿಟ್ಟು ತೋರಿಸಿದರು. ತೋರಿಸಿದಲ್ಲಿ ಹಾಕಿದೆ. ನಮ್ಮ ಕಡೆ ಇದಕ್ಕೆ ಮರ್ಯಾದೆ ಎನ್ನುತ್ತಾರೆ. ಪರಿಚಯದವರು ಮನೆ ಕೊಡುವಾಗ ಅವರ ಎದುರಿಗೇ ಕಾಗದ ಬಿಡಿಸಿಕೊಂಡು ಓದುತ್ತ ಕೂತರೆ ಅವರ ಮುಖ ಸಣ್ಣದಾಗುತ್ತದೆ. ನಮ್ಮ ಮೇಲೆ ನಂಬಿಕೆ ಇಲ್ವಾ ಎಂದು ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಎರಡನೇ ಚಾ ಬರುವುದಿಲ್ಲ. ಹೊಸ ಸೀರೆ ಕೊಳ್ಳುವಾಗ ಅಂಚು, ಸೆರಗು, ಒಳಮೈ ಎಲ್ಲ ತಿರುಗಿಸಿ ನೋಡುವ ನಾವು, ತಲೆಯ ಮೇಲಿನ ಸೂರಿನ ಕಾಗದವನ್ನು ಮಾತ್ರ ತಿರುಗಿಸಿಯೂ ನೋಡುವುದಿಲ್ಲ.

ಮನೆಯಲ್ಲಿದ್ದವರು ನಾನು ಮತ್ತು ಅಮ್ಮ, ಇಬ್ಬರೇ. ನಾನು ಸರ್ಕಾರಿ ಆಸ್ಪತ್ರೆಯ ನರ್ಸು. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಕರ್ಕಿ ಕಡೆಯ ಹಳ್ಳಿಯಿಂದ ಕರೆದುಕೊಂಡು ಬಂದು ಜೊತೆಗಿಟ್ಟುಕೊಂಡಿದ್ದೆ. ಅವಳಿಗೆ ಕಣ್ಣಿನ ಒತ್ತಡದ ಕಾಯಿಲೆ. ದೃಷ್ಟಿ ಅಂಚಿನಿಂದ ಶುರುವಾಗಿ ಒಳಗೊಳಗೆ ಸವೆಯುತ್ತ ಹೋಯಿತು. ಔಷಧಿ ಹಾಕಿದೆವು, ಆಪರೇಷನ್ ಮಾಡಿಸಿದೆವು, ಆದರೂ ನಿಲ್ಲಲಿಲ್ಲ. ಊರಿನವರ ಕಣ್ಣಿಗೆಲ್ಲ ಹನಿ ಹಾಕುವ ನನಗೆ ಅಮ್ಮನ ಕಣ್ಣು ಉಳಿಸಲಾಗಲಿಲ್ಲವೆಂಬ ಕೊರಗು. ಅಮ್ಮ ಮಾತ್ರ ನನಗಿಂತ ಗಟ್ಟಿ. ಶಾಲೆಯ ಮೆಟ್ಟಿಲು ಹತ್ತದವಳು, ಗದ್ದೆ ನೆಡುವಾಗಿನ ನೆಟ್ಟಿಯ ಹಾಡು, ಮದುವೆಯ ಹಾಡು ಎಲ್ಲವನ್ನೂ ಕಿವಿಯಲ್ಲೇ ಕಲಿತವಳು. ಕಣ್ಣು ಹೋದಂತೆಲ್ಲ ಮನೆಯನ್ನೂ ಹಾಗೇ ಕಲಿತಳು. ಗೋಡೆ ಸವರಿಕೊಂಡು ಅಡುಗೆ ಮನೆಗೆ ಹೋಗಿ ಗಂಜಿಗೆ ಅಕ್ಕಿ ಹಾಕುತ್ತಿದ್ದಳು. ನನ್ನ ಡ್ಯೂಟಿಯ ಹೊತ್ತಿಗೆ ಅವಳೊಬ್ಬಳೇ ಇದ್ದರೂ ನನಗೆ ಭಯವಿರಲಿಲ್ಲ.

ಆ ಮನೆಯಿಂದ ನಮ್ಮನ್ನು ಎಬ್ಬಿಸಿದ್ದು ಸರಿಯಾಗಿ ಆಷಾಢದ ಮಳೆಯಲ್ಲಿ. ಮಾಲೀಕರ ಮಗಳು ಪುಣೆಯಿಂದ ಬರುತ್ತಾಳಂತೆ, ಮನೆ ಬೇಕಂತೆ. ನಾನು ಜಗಳಕ್ಕೇ ನಿಂತೆ. ನನ್ನ ಬಾಯಿ ದೊಡ್ಡದು, ಅದು ಊರಿಗೇ ಗೊತ್ತು. ಆ ಮನುಷ್ಯ ದನಿ ಏರಿಸದೆ ಕಾಗದ ತಂದು ಮುಂದಿಟ್ಟರು. ಮಾಲೀಕರು ಯಾವಾಗ ಕೇಳಿದರೂ ತಕರಾರಿಲ್ಲದೆ ಖಾಲಿ ಮಾಡಿ ಕೊಡತಕ್ಕದ್ದು ಎಂದು ಅಚ್ಚುಕಟ್ಟಾಗಿ ಬರೆದಿತ್ತು. "ಸಹಿ ಯಾರದ್ದು, ನಿಂದೇ ಅಲ್ದ?" ಎಂದರು. ನನ್ನದೇ, ಚಾ ಕುಡಿಯುತ್ತ ಹಾಕಿದ್ದು.

ಅವಸರದಲ್ಲಿ ಸಿಕ್ಕಿದ್ದು ಕುಮಟಾದಲ್ಲಿ, ಸ್ಟೇಷನ್ ದಾರಿಯ ಮಾಳಿಗೆ ಮನೆ. ಬಂದ ವಾರದಲ್ಲೇ ಅಮ್ಮ ಬಚ್ಚಲಿನ ಹೊಸ್ತಿಲು ತಿಳಿಯದೆ ಬಿದ್ದಳು. ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಮಂಚದ ಅಂಚಿನಲ್ಲಿ ಕೂತವಳು ಏಳುತ್ತಲೇ ಇರಲಿಲ್ಲ. "ಬಾ ಅಮಾ, ನಾ ಕೈ ಹಿಡ್ಕಂಡಿದ್ದೆ" ಎಂದರೆ, "ಬ್ಯಾಡ ಮಗಾ, ಈ ಮನೆ ನಂಗೆ ಗುರ್ತು ಸಿಕ್ಕೂದಿಲ್ಲ" ಎನ್ನುತ್ತಿದ್ದಳು. ನಾನು ಬೀಗ ಹಾಕಿಕೊಂಡು ಹೊನ್ನಾವರದ ಬಸ್ಸು ಹತ್ತಬೇಕು. ತಿರುಗಿ ಬಂದು ಬೀಗ ತೆಗೆದರೆ, ಬಿಟ್ಟು ಹೋದ ಜಾಗದಲ್ಲೇ ಕೂತಿರುತ್ತಿದ್ದಳು. ಹಾಡೂ ನಿಂತಿತ್ತು. ಇನ್ನೊಂದು ಸಲ ಮನೆ ಬದಲಾದರೆ ಅಮ್ಮ ಆ ಮಂಚದಿಂದ ಮತ್ತೆ ಏಳುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಆದರೆ ಬದಲಾಗದೆ ಗತಿಯೂ ಇರಲಿಲ್ಲ, ನನಗೆ ಭಟ್ಕಳಕ್ಕೆ ವರ್ಗವಾಯಿತು.

ಅಲ್ಲಿಯ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಗೆ ದಿನ ಬಿಟ್ಟು ದಿನ ಒಬ್ಬ ವಯಸ್ಸಾದ ನವಾಯತ ಮುಸ್ಲಿಂ ಹೆಂಗಸು ಬರುತ್ತಿದ್ದರು. ಸಕ್ಕರೆ ಕಾಯಿಲೆಯ ಕಾಲು, ಹೆಬ್ಬೆರಳಲ್ಲಿ ಒಣಗದ ಗಾಯ. ಗಂಡ ಇಲ್ಲ, ಒಬ್ಬನೇ ಮಗ ದುಬೈಯಲ್ಲಿ. ಅವರ ಓಣಿಯವರೆಲ್ಲ ಖಾಲಾ ಎನ್ನುತ್ತಿದ್ದರು, ಅಂದರೆ ಚಿಕ್ಕಮ್ಮ. ಗಾಯ ತೊಳೆಯುವಾಗ ನೋವಾದರೆ ಕೂಗುತ್ತಿರಲಿಲ್ಲ, ನನ್ನನ್ನು ಬೈಯುತ್ತಿದ್ದರು. "ಏ ಸಿಸ್ಟರ್, ಅದು ಕಾಲು, ಬಂಗಡೆ ಮೀನಲ್ಲ, ಅಷ್ಟು ಉಜ್ಜಬೇಡ." ನಾನೂ ಬಿಡುತ್ತಿರಲಿಲ್ಲ. "ಹಲ್ವಾ ತಿನ್ನುವಾಗ ಕಾಲಿನ ನೆನಪು ಬರೂದಿಲ್ವಾ ನಿಮಗೆ?" ಹೀಗೆ ಬೈಗುಳದಲ್ಲೇ ನಮಗೆ ಸಲುಗೆ ಬೆಳೆಯಿತು. ಒಂದು ದಿನ ನಾನು ಮನೆ ಹುಡುಕುತ್ತಿರುವ ವಿಷಯ ಬಂತು. ಅಮ್ಮನ ಸಂಗತಿಯನ್ನೂ ಹೇಳಿದೆ. ಅವರು ಕಾಲನ್ನು ಎಳೆದುಕೊಂಡು ಹೇಳಿದರು, "ನಮ್ಮ ಮನೆ ಹಿಂದೆ ಸಣ್ಣ ಮನೆ ಅದೆ. ಮೆಟ್ಟಿಲಿಲ್ಲ, ಒಂದೇ ಸಮ ನೆಲ. ಅಮ್ಮನ್ನ ಕರ್ಕೊಂಡು ಬಾ, ನೋಡಲಿ."

ಕಣ್ಣು ಕಾಣದವಳನ್ನು ಕರೆತಂದು ನೋಡಲಿ ಎಂದರು, ಅದೇ ನನಗೆ ಹಿಡಿಸಿತು. ಅಮ್ಮ ಬಂದಳು. ಖಾಲಾ ಅವಳ ಕೈಯನ್ನು ಗೋಡೆಗೆ ಹಚ್ಚಿ ಮನೆಯೆಲ್ಲ ಸುತ್ತಿಸಿದರು. ಬಾವಿಕಟ್ಟೆ ಸವರಿ ಅಮ್ಮ, "ಎತ್ತರ ಅದೆ, ಅಡ್ಡಿಲ್ಲ" ಎಂದಳು.

ಮಾತೆಲ್ಲ ಮುಗಿದು ಕಾಗದದ ದಿನ ಬಂತು. ತಹಶೀಲ್ದಾರ ಕಚೇರಿಯ ಎದುರು ಪತ್ರ ಬರೆಯುವವರೊಬ್ಬರು ಬಾಂಡ್ ಪೇಪರಿನ ಮೇಲೆ ಕಂಪ್ಯೂಟರಿನಲ್ಲಿ ಹೊಡೆದು ಕೊಟ್ಟಿದ್ದರು. ಹನ್ನೊಂದು ತಿಂಗಳ ಕರಾರು. ಎಲ್ಲ ಕಡೆ ಹನ್ನೊಂದೇ ಏಕೆ ಎಂದು ನಾನು ಅವತ್ತೇ ಮೊದಲ ಬಾರಿ ಕೇಳಿದ್ದು. ವರ್ಷ ದಾಟಿದರೆ ನೋಂದಣಿ ಮಾಡಿಸಲೇಬೇಕು, ಅದರ ಓಡಾಟ ಬೇಡ ಅಂತ ಒಂದು ತಿಂಗಳು ಕಡಿಮೆ ಎಂದರು ಅವರು. ಆ ಕಾಗದ ಹಿಡಿದು ಖಾಲಾರ ಜಗಲಿಗೆ ಹೋದೆ. ಅಮ್ಮ ಆಗಲೇ ಅಲ್ಲಿ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ನಾನು ಹಳೇ ಚಾಳಿಯಂತೆ ಪೆನ್ನು ತೆಗೆದು, "ಎಲ್ಲಿ ಹಾಕ್ಬೇಕು?" ಎಂದೆ.

"ಎಂತದ್ದು ಹಾಕೂದು? ಮೊದಲು ಓದು," ಎಂದರು ಖಾಲಾ.

"ಅಯ್ಯೋ, ನಿಮ್ಮ ಮೇಲೆ ನಂಗೆ ನಂಬಿಕೆ ಇಲ್ವಾ? ಓದೂದೆಂತಕ್ಕೆ?"

"ನಿನ್ನ ನಂಬಿಕೆ ನಿನ್ನ ಹತ್ರ ಇರ್ಲಿ. ನಂಗೆ ಕನ್ನಡ ಅಕ್ಷರ ಬರೂದಿಲ್ಲ, ಉರ್ದು ಮಾತ್ರ. ಕೇಳದೆ ನಾನು ಯಾವುದಕ್ಕೂ ಸಹಿ ಹಾಕಿದವಳಲ್ಲ. ನಿಕಾಹದ ಕಾಗದವನ್ನೂ ಓದಿಸಿ ಕೇಳಿದವಳು ನಾನು. ದೊಡ್ಡಕೆ ಓದು."

ನನಗೆ ನಗು ಬಂತು. "ಖಾಲಾ, ನಾನು ಬಾಡಿಗೆಗೆ ಬರುವವಳು. ನಿಮ್ಮ ಎದುರು ಪಾರ್ಟಿ. ನಾನೇ ಓದಿ ಹೇಳಿದ್ರೆ ಹ್ಯಾಂಗೆ? ಬೇಕಂತ ತಪ್ಪು ಓದಿದ್ರೆ?"

"ನಿನ್ನ ಅಮ್ಮನ ಎದುರು ಓದ್ತೀ ಅಲ್ವಾ? ಓದು ನೋಡುವಾ ತಪ್ಪು." ಅಮ್ಮ ಬತ್ತಿ ಹೊಸೆಯುತ್ತಲೇ ಕಿಸಕ್ಕನೆ ನಕ್ಕಳು. ಕುಮಟಾಕ್ಕೆ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಓದತೊಡಗಿದೆ. ಎರಡನೇ ಸಾಲಿಗೇ ನನ್ನ ಬಂಡಿ ನಿಂತಿತು. ಅಕ್ಷರವೇನೋ ಕನ್ನಡವೇ, ಆದರೆ ಅದೆಂಥ ಕನ್ನಡ! ಮುದ್ದತ್ತು, ಕಬ್ಜೆ, ಸದರಿ, ದುರಸ್ತಿ, ತಗಾದೆ. ಓದುತ್ತ ಹೋದೆ, ತಲೆಗೆ ಹತ್ತಲಿಲ್ಲ. ಖಾಲಾ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ನಾನು ತಡವರಿಸಿದಲ್ಲೆಲ್ಲ ಅವರೇ ಬಿಡಿಸಿ ಹೇಳಿದರು. "ಮುದ್ದತ್ ಅಂದ್ರೆ ಗಡುವು. ಕಬ್ಜಾ ಅಂದ್ರೆ ಮನೆ ಯಾರ ಕೈಯಲ್ಲಿ ಅದೆ ಅನ್ನೂದು. ಮನೆ ನಂದು, ಆದರೆ ಹನ್ನೊಂದು ತಿಂಗಳು ಕಬ್ಜಾ ನಿಂದು. ಬೀಗದ ಕೈ ನಿನ್ನ ಸೆರಗಲ್ಲಿ ಇರ್ತದೆ. ಕೇಳದೆ ನಾನೂ ಒಳಗೆ ಬರೂಹಾಗಿಲ್ಲ. ತಿಳೀತಾ?" ಕಚೇರಿ ಕನ್ನಡದ ಅರ್ಧ ಮಾತು ಅವರ ಮನೆಮಾತಿನ ನೆಂಟರು. ಅಕ್ಷರ ನನ್ನಲ್ಲಿತ್ತು, ಅರ್ಥ ಅವರಲ್ಲಿತ್ತು. ಒಂದೇ ಕಾಗದವನ್ನು ಇಬ್ಬರು ಸೇರಿ ಓದಿದೆವು.

ಅದರಲ್ಲಿ ತಮಾಷೆಯೂ ಇತ್ತು. ಬರೆಯುವವರು ಯಾವುದೋ ಅಂಗಡಿಯ ಕರಾರನ್ನು ಹಾಗೇ ತಂದು ಇಲ್ಲಿಗೆ ಅಂಟಿಸಿದ್ದರು. ಸದರಿ ಮಳಿಗೆಯಲ್ಲಿ ಸಿಡಿಮದ್ದು ಶೇಖರಿಸತಕ್ಕದ್ದಲ್ಲ ಎಂದು ಓದಿದಾಗ ಖಾಲಾ ಕಣ್ಣು ಬಿಟ್ಟರು. "ಯಾ ಅಲ್ಲಾ! ಸಿಸ್ಟರ್, ನಿನ್ನ ಹತ್ರ ಸಿಡಿಮದ್ದು ಅದೆಯಾ?" ಅಮ್ಮ ಅಲ್ಲಿಂದಲೇ ಹೇಳಿದಳು, "ಬಾಯಲ್ಲಿ ಅದೆ, ಬೀಬಿ. ಅದು ಬಿಟ್ರೆ ಬೇರೆ ಇಲ್ಲ."

ನಗುತ್ತ ನಗುತ್ತ ಮುಂದಿನ ಸಾಲಿಗೆ ಬಂದೆ. ಮಾಲೀಕರು ಯಾವಾಗ ಕೇಳಿದರೂ ಹದಿನೈದು ದಿನದೊಳಗಾಗಿ ತಕರಾರಿಲ್ಲದೆ ಖಾಲಿ ಕಬ್ಜೆ ಬಿಟ್ಟುಕೊಡತಕ್ಕದ್ದು. ಹೊನ್ನಾವರದ್ದೇ ಮಾತು, ಇಲ್ಲೂ ಬಂದು ಕೂತಿತ್ತು. ಅಮ್ಮನ ಕೈಯಲ್ಲಿ ಬತ್ತಿ ಹೊಸೆಯುವುದು ನಿಂತಿತು.

"ಇದು ಯಾರು ಹೇಳಿದ್ದು?" ಎಂದರು ಖಾಲಾ. "ನಾ ಹೇಳಲಿಲ್ಲ."

"ಎಲ್ಲ ಕರಾರಲ್ಲೂ ಇರ್ತದೆ," ಎಂದೆ. ನನ್ನ ದನಿ ನನಗೇ ಹಿಡಿಸಲಿಲ್ಲ, ಅಳು ತಡೆದ ದನಿ.

"ಎಲ್ಲರ ಮನೆ ಸುದ್ದಿ ನಂಗೆ ಬ್ಯಾಡ. ಹೊಡೆದು ಹಾಕು ಅದನ್ನ." ಕಾಲು ನೀವಿಕೊಂಡರು. ಆಮೇಲೆ ಅಮ್ಮನ ಕಡೆ ತಿರುಗಿ ಕೇಳಿದರು, "ಅಕ್ಕಾ, ಒಂದು ಮನೆ ಗುರ್ತು ಸಿಕ್ಕೂಕೆ ನಿಂಗೆ ಎಷ್ಟು ದಿನ ಬೇಕು?"

ಈ ಪ್ರಶ್ನೆಯನ್ನು ಅಮ್ಮನಿಗೆ ಯಾರೂ ಕೇಳಿರಲಿಲ್ಲ. ಮಗಳು, ಅದರಲ್ಲೂ ನರ್ಸು, ನಾನೂ ಕೇಳಿರಲಿಲ್ಲ. ಅಮ್ಮ ಯೋಚಿಸಿ ಹೇಳಿದಳು, "ಕೈಗೆ ಬೇಗ ಸಿಕ್ತದೆ ಬೀಬಿ. ಕಾಲಿಗೆ ಧೈರ್ಯ ಬರೂಕೆ ಎರಡು ಮೂರು ತಿಂಗಳಾದ್ರೂ ಬೇಕು."

"ಹಂಗಾರೆ ಮೂರು ತಿಂಗಳು ಮೊದಲೇ ಹೇಳ್ಬೇಕು ಅಂತ ಬರೆಸು, ಸಿಸ್ಟರ್. ಹೊಸ ಮನೆ ನೋಡಿ, ಅಕ್ಕನ್ನ ದಿನಾ ಕರ್ಕೊಂಡು ಹೋಗಿ ಗುರ್ತು ಮಾಡಿಸೂಕೆ ಅಷ್ಟು ಬೇಕು. ಮತ್ತೆ ಇನ್ನೊಂದು ಬರೆಸು. ಮಳೆಗಾಲದಲ್ಲಿ ಎಬ್ಬಿಸೂಹಾಗಿಲ್ಲ. ಮಳೆಗಾಲದಲ್ಲಿ ತೆಂಗಿನಗುಂಡಿ ಬಂದರದ ಬೋಟನ್ನೂ ದಡಕ್ಕೆ ಎಳೆದು ತೆಂಗಿನ ಮಡಲು ಮುಚ್ಚಿ ಕೂರಿಸ್ತಾರೆ. ಮನುಷ್ಯರನ್ನ ನೀರಿಗೆ ಬಿಡೂದಾ?"

ಸಿಟ್ಟು ಬಂದರೆ ನೂರು ಮಾತು ಹುಟ್ಟುವ ಬಾಯಿ, ಉಪಕಾರ ಎದುರಾದಾಗ ಕೈಕೊಟ್ಟಿತು. ಮುಗಿಯಿತಲ್ಲ ಎಂದು ಕಾಗದ ಮಡಚಹೋದೆ.

"ಸುರುವಿಗೆ ಒಂದು ಸಾಲು ಬಿಟ್ಟೆ ನೀನು," ಎಂದಳು ಅಮ್ಮ.

ಹೌದು, ಬಿಟ್ಟಿದ್ದೆ. ಮಾಲೀಕರು ಎಂಬ ಪದವು ಅವರ ವಾರಸುದಾರರನ್ನೂ ಹಕ್ಕುದಾರರನ್ನೂ ಒಳಗೊಂಡಿರತಕ್ಕದ್ದು ಎಂಬ ಉದ್ದ ಸಾಲು. ಓದುವಾಗ ಗೊಣಗಿ ದಾಟಿಸಿದ್ದೆ. "ಅದು ಸುಮ್ನೆ ಇರ್ತದೆ ಅಮಾ, ಅದಕ್ಕೆ ಅರ್ಥ ಇಲ್ಲ," ಎಂದೆ.

"ಸುಮ್ನೆ ಯಾರೂ ಕಾಗದ ಬರೆಸೂದಿಲ್ಲ," ಎಂದು ಖಾಲಾ ಗದರಿದರು. "ಓದು."

ಓದಿದೆ. ಅವರು ಕೇಳಿ ತಲೆಯಾಡಿಸಿದರು. "ವಾರಿಸ್. ಅಂದ್ರೆ ನನ್ನ ಮಗ. ನಾ ಕಣ್ಣು ಮುಚ್ಚಿದ್ರೂ ಗಡುವು ಮುಗಿಯೂವರೆಗೆ ಈ ಮಾತಿಗೆ ಅವನೂ ಕಟ್ಟು. ಇರ್ಲಿ, ಒಳ್ಳೆ ಸಾಲು." ಮಾರನೇ ದಿನ ಹೊಸ ಕಾಗದ ಹೊಡೆಸಿ ತಂದು, ಅದನ್ನೂ ಪೂರ್ತಿ ಓದಿ, ಆಮೇಲೆ ಸಹಿ ಹಾಕಿದೆವು. ಖಾಲಾ ಉರ್ದುವಿನಲ್ಲಿ, ನಾನು ಕನ್ನಡದಲ್ಲಿ. ಸಾಕ್ಷಿಗೆ ಅಮ್ಮನ ಹೆಬ್ಬೆಟ್ಟು.

ಆ ಮನೆಯಲ್ಲಿ ಅಮ್ಮ ಮತ್ತೆ ಎದ್ದಳು. ಒಂದೇ ದಿನಕ್ಕಲ್ಲ. ಖಾಲಾ ದಿನಾ ಬಂದು ಬಾಗಿಲ ಹೊರಗೆ ನಿಂತು, "ಬರೂದಾ ಅಕ್ಕಾ? ಕಬ್ಜಾ ನಿಮ್ದು" ಎಂದು ಕೇಳಿ ಒಳಗೆ ಬರುತ್ತಿದ್ದರು. ಕುಂಟು ಕಾಲಿನ ಅವರು, ಕಣ್ಣಿಲ್ಲದ ಇವಳು, ಒಬ್ಬರ ಭುಜ ಒಬ್ಬರು ಹಿಡಿದು ಅಂಗಳ ಸುತ್ತುತ್ತಿದ್ದರು. ಯಾರಿಗೆ ಯಾರು ಆಸರೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಂಗಳದಲ್ಲಿ ಕೊಡವಾಗಲಿ ಕಟ್ಟಿಗೆಯಾಗಲಿ ಅಡ್ಡ ಇಡಕೂಡದೆಂದು ಖಾಲಾ ತಮ್ಮ ಮನೆಗೆ ಬರುವವರಿಗೆಲ್ಲ ಕಟ್ಟಪ್ಪಣೆ ಮಾಡಿದ್ದರು. ಬೇಸಿಗೆಯಲ್ಲಿ ಬಾವಿಯ ನೀರು ಸವಳಾದಾಗ, ತಮಗೆ ಹೊರಗಿನಿಂದ ತರಿಸಿದ ನೀರಲ್ಲಿ ನಮಗೂ ಪಾಲು ಎತ್ತಿಡುತ್ತಿದ್ದರು. ಅಮ್ಮ ಬಾವಿಕಟ್ಟೆಯ ಹತ್ತಿರ ಬಸಳೆ ನೆಟ್ಟಳು, ಚಪ್ಪರ ಹಾಕಿಸಿದಳು. ಒಂದು ದಿನ ಡ್ಯೂಟಿ ಮುಗಿಸಿ ಬರುವಾಗ ಓಣಿಯ ತುದಿಗೇ ಅವಳ ನೆಟ್ಟಿಯ ಹಾಡು ಕೇಳಿಸಿತು. ನಾನು ಅಲ್ಲೇ ಯಾರದೋ ಗೇಟು ಹಿಡಿದು ನಿಂತು ಅತ್ತುಬಿಟ್ಟೆ.

ಮಧ್ಯೆ ಜಗಳವೂ ಆಯಿತೆನ್ನಿ. ಖಾಲಾರಿಗೆ ಒಂದು ಆಡಿತ್ತು, ಮಗನಿಗಿಂತ ಹೆಚ್ಚು ಮುದ್ದು. ಅದು ಬಸಳೆಯನ್ನು ಬುಡದವರೆಗೆ ಮೇಯ್ದಿತು. ಅಮ್ಮ ಬೋಳು ಚಪ್ಪರ ಸವರಿ ಒಳಗೆ ಹೋದಳು. ನಾನು ಸುಮ್ಮನಿರುತ್ತೇನೆಯೇ? ಜಗಲಿಗೆ ಹೋಗಿ ಕೂಗಾಡಿದೆ. ಖಾಲಾರೂ ಕೂಗಿದರು. "ಆಡಿಗೆ ಎಂತ ಗೊತ್ತು, ಅದು ನಿನ್ನ ಅಮ್ಮನ ಬಸಳೆ ಅಂತ? ಕರಾರಲ್ಲಿ ಬರೆದದ್ದುಂಟಾ?" ಎಂದರು. "ಬರೆಸ್ತೇನೆ!" ಎಂದೆ.

ಬರೆಸಿಯೇಬಿಟ್ಟೆವು. ಹನ್ನೊಂದು ತಿಂಗಳು ಮುಗಿದು ಕಾಗದ ಹೊಸದು ಮಾಡುವಾಗ ಖಾಲಾರೇ ನೆನಪಿಸಿದರು. ಬಾಡಿಗೆದಾರರ ಬಸಳೆಯನ್ನು ಆಡು ತಿನ್ನದಂತೆ ಕಟ್ಟಿ ಹಾಕುವುದು ಮಾಲೀಕರ ಜವಾಬ್ದಾರಿಯಾಗಿರತಕ್ಕದ್ದು. ಪತ್ರ ಬರೆಯುವವರು ಕೀಲಿಮಣೆಯಿಂದ ಕೈ ತೆಗೆದು ನನ್ನ ಮುಖ ನೋಡಿದರು. "ಎಂತ ಮೇಡಮ್, ತಮಾಷೆ ಮಾಡ್ತೀರಾ?" ಎಂದರು. ಇಲ್ಲ, ಹೊಡೀರಿ ಎಂದೆ.

ಹೀಗೆ ಕರಾರು ಓದುವುದು ನಮಗೊಂದು ಹಬ್ಬವೇ ಆಯಿತು. ಹನ್ನೊಂದು ತಿಂಗಳಿಗೊಮ್ಮೆ ಬರುವುದರಿಂದ ಪ್ರತಿ ಸಲ ಒಂದು ತಿಂಗಳು ಹಿಂದಕ್ಕೆ ಸರಿಯುತ್ತಿತ್ತು. ಒಮ್ಮೆ ದೀಪಾವಳಿಯ ಮುಂದೆ, ಒಮ್ಮೆ ನವರಾತ್ರಿಯ ಹೊತ್ತಿಗೆ. ಅಮ್ಮ ಹೆಸರುಬೇಳೆ ಪಾಯಸ ಮಾಡುತ್ತಿದ್ದಳು, ಖಾಲಾರ ಪಾಲಿಗೆ ಸಕ್ಕರೆ ಹಾಕದ್ದು. ಅವರು ಜಗಲಿಯಲ್ಲಿ ಕೂತು, "ಹ್ಞೂಂ, ಸುರು ಮಾಡು" ಎನ್ನುತ್ತಿದ್ದರು. ನಾನು ಮೊದಲಿನಿಂದ ಕೊನೆಯವರೆಗೆ ಓದಬೇಕು, ಒಂದು ಸಾಲು ಹಾರಿದರೆ ಅಮ್ಮ ಹಿಡಿಯುತ್ತಿದ್ದಳು. ನನಗೆ ಬೇಸರ ಬಂದು, "ಎಲ್ಲ ಹಳೇದೇ ಅಲ್ವಾ?" ಎಂದರೆ ಖಾಲಾ, "ನಾವೂ ಹಳಬರೇ, ಆದ್ರೂ ದಿನಾ ಮುಖ ನೋಡೂದಿಲ್ವಾ?" ಎನ್ನುತ್ತಿದ್ದರು.

ನಾಲ್ಕನೇ ಕಾಗದ ಚಾಲ್ತಿಯಲ್ಲಿದ್ದಾಗ, ಮಳೆ ಹತ್ತಿರ ಬಂದ ದಿನಗಳಲ್ಲಿ, ಖಾಲಾ ಹೋದರು. ಕಾಲಿನಿಂದಲ್ಲ, ಹೃದಯದಿಂದ. ಬೆಳಗ್ಗೆ ಚಾ ಕುಡಿದು ಜಗಲಿಯ ಗೋಡೆಗೊರಗಿ ಕೂತವರು ಹಾಗೇ ಇದ್ದರು. ನಾನೇ ನಾಡಿ ಹಿಡಿದು ನೋಡಿದೆ. ಎಷ್ಟೋ ನಾಡಿ ಹಿಡಿದ ಕೈ ಅವತ್ತು ಸುಳ್ಳು ಹೇಳಲಿ ಎಂದು ಹಾರೈಸಿದೆ. ಅಮ್ಮ ಅವರ ಪಾದದ ಹತ್ತಿರ ಕೂತು ಆ ಗಾಯದ ಹೆಬ್ಬೆರಳನ್ನು ಸವರುತ್ತಿದ್ದಳು. ಗಾಯ ಪೂರ್ತಿ ಒಣಗಿತ್ತು.

ಮಗ ದುಬೈಯಿಂದ ಬಂದ. ಮಣ್ಣಿಗೆ ಸಿಗಲಿಲ್ಲ, ಮಾರನೇ ದಿನ ಮುಟ್ಟಿದ. ಒಳ್ಳೆಯ ಮನುಷ್ಯ, ನಮ್ಮನ್ನು ಚೆನ್ನಾಗಿಯೇ ಮಾತಾಡಿಸಿದ. ಒಂದು ವಾರ ಕಳೆದು ಜಗಲಿಗೆ ಕರೆದ. ನಾನು, ಅಮ್ಮ ಹೋಗಿ ಕೂತೆವು. ಅವನು ನೆಲ ನೋಡುತ್ತ ಹೇಳಿದ, "ಸಿಸ್ಟರ್, ನನ್ನ ರಜೆ ಮುಗೀತಾ ಬಂತು. ಮನೆ ತಗೊಳ್ಳೂಕೆ ಒಬ್ಬರು ಬಂದಿದ್ದಾರೆ. ಎರಡೂ ಮನೆ ಖಾಲಿ ಇದ್ದರೆ ಮಾತ್ರ ತಗೊಳ್ತಾರಂತೆ. ಈ ತಿಂಗಳ ಕೊನೆಗೆ ನೀವು ಬೇರೆ ನೋಡ್ಕೊಂಡ್ರೆ ಉಪಕಾರ ಆಗ್ತದೆ."

ಹೊರಗೆ ಮೊದಲ ಮಳೆಯ ಮೋಡ ಕೂಡಿತ್ತು. ನನ್ನ ಬಾಯಿ ದೊಡ್ಡದು ಎಂದೆನಲ್ಲ, ಅದು ತೆರೆಯಲೇ ಇಲ್ಲ. ತಾಯಿಯನ್ನು ಕಳೆದುಕೊಂಡು ವಾರವಾಗಿದೆ, ಅವನ ಎದುರು ಕಾಗದ ಎಳೆದು ತರುವುದೇ? ಹಳೆಯ ಮರ್ಯಾದೆ ಮತ್ತೆ ಬಂದು ಕುತ್ತಿಗೆ ಹಿಡಿಯಿತು. ಆತು ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಕುಮಟಾದ ಮಾಳಿಗೆ ಮನೆಯ ಮಂಚ ಕಣ್ಣಿಗೆ ಕಟ್ಟಿತು. ಆದರೂ ಆತು ಎಂದೇಬಿಡುತ್ತಿದ್ದೆನೇನೋ.

ಅಮ್ಮ ಶುರು ಮಾಡಿದಳು. ಮಾತಲ್ಲ, ಕರಾರು. ಮೊದಲ ಸಾಲಿನಿಂದ. ಊರು, ಓಣಿ, ಸದರಿ ಮನೆ, ಮೂಡಲಿಗೆ ಬಾವಿ, ಪಡುವಲಿಗೆ ಮಾಲೀಕರ ಮನೆ. ಹಾಡು ಒಪ್ಪಿಸುವ ಹಾಗೆ, ಒಂದೇ ಉಸಿರಿನ ದನಿಯಲ್ಲಿ, ಎಲ್ಲೂ ತಪ್ಪದೆ. ಮಾಲೀಕರು ಎಂಬ ಪದವು ಅವರ ವಾರಸುದಾರರನ್ನೂ ಒಳಗೊಂಡಿರತಕ್ಕದ್ದು ಎಂದಳು. ಅಲ್ಲಿಗೆ ನಿಲ್ಲಿಸಿ, ಖಾಲಾ ಪ್ರತಿ ಸಲ ಆ ಸಾಲಿಗೆ ಹೇಳುತ್ತಿದ್ದ ಮಾತನ್ನೂ ಹೇಳಿದಳು, "ವಾರಿಸ್. ಅಂದ್ರೆ ನನ್ನ ಮಗ." ಅವನು ತಟ್ಟನೆ ತಲೆ ಎತ್ತಿದ. ಅಮ್ಮನಿಗೆ ಅದು ಕಾಣುವುದಿಲ್ಲ, ಅವಳು ಮುಂದುವರಿದಳು. ಮೂರು ತಿಂಗಳು ಮುಂಚಿತವಾಗಿ ತಿಳಿಸತಕ್ಕದ್ದು. ಮಳೆಗಾಲದಲ್ಲಿ ಯಾವ ಕಾರಣಕ್ಕೂ ಖಾಲಿ ಮಾಡಿಸತಕ್ಕದ್ದಲ್ಲ. "ತೆಂಗಿನಗುಂಡಿ ಬಂದರದ ಬೋಟನ್ನೂ ದಡಕ್ಕೆ ಎಳೆದು ತೆಂಗಿನ ಮಡಲು ಮುಚ್ಚಿ ಕೂರಿಸ್ತಾರೆ. ಮನುಷ್ಯರನ್ನ ನೀರಿಗೆ ಬಿಡೂದಾ?" ಕರಾರಿನ ಮಾತು ಯಾವುದು, ಖಾಲಾರ ಮಾತು ಯಾವುದು ಎಂದು ಅವಳು ಬೇರೆ ಮಾಡಿಟ್ಟಿರಲಿಲ್ಲ. ಕಿವಿಗೆ ಬಿದ್ದದ್ದು ಅಷ್ಟೂ ಅವಳಿಗೆ ಕರಾರೇ. ಆ ಗದರಿಕೆ, ಆ ಎಳೆತ, ನಡುವಿನ ಕೆಮ್ಮು ಕೂಡ ಹಾಗೇ ಬಂತು.

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಾನು ಅಮ್ಮನ ಮೊಣಕಾಲು ಒತ್ತಿ, ಸಾಕು ಎಂದೆ. ಅವಳು ನಿಲ್ಲಿಸಲಿಲ್ಲ, ಆಡಿನ ಸಾಲು ಬಾಕಿಯಿತ್ತು. ಅದನ್ನೂ ಹೇಳಿದಳು. ಅವನು ಅಳುತ್ತಳುತ್ತಲೇ ನಕ್ಕ.

"ಆಡಿನದ್ದು ನಿಜವಾಗಿ ಅದೆಯಾ?" ಎಂದು ನನ್ನನ್ನು ಕೇಳಿದ. ಕಾಗದ ತಂದು ತೋರಿಸಿದೆ. ಅವನಿಗೂ ಕನ್ನಡ ಓದಲು ಬರುವುದಿಲ್ಲ. ತಾಯಿಯ ಉರ್ದು ಸಹಿಯ ಮೇಲೆ ಬೆರಳಿಟ್ಟುಕೊಂಡು, "ಇನ್ನೊಮ್ಮೆ ಹೇಳ್ತೀರಾ ಅಮ್ಮಾ, ಆ ಬೋಟಿನದ್ದು?" ಎಂದ. ಅಮ್ಮ ಹೇಳಿದಳು.

ಕೊಳ್ಳಲು ಬಂದವರಿಗೆ ಮಳೆಗಾಲ ಮುಗಿಯಲಿ, ಆಮೇಲೆ ಮೂರು ತಿಂಗಳ ಗಡುವೂ ಉಂಟು ಎಂದು ಅವನು ಹೇಳಿದನಂತೆ. ಅವರು ಕಾಯಲಿಲ್ಲ, ಬೇರೆ ಜಾಗ ನೋಡಿಕೊಂಡರು. ಆಮೇಲೂ ಅವನು ಮನೆಯನ್ನು ಮಾರಲಿಲ್ಲ. ಯಾಕೆ ಎಂದು ನಾನು ಕೇಳಿಲ್ಲ, ಅದು ಕರಾರಿನಲ್ಲಿ ಇಲ್ಲದ ಮಾತು. ಆ ಮಳೆಗಾಲ ನಾವು ಅಲ್ಲೇ ಇದ್ದೆವು, ಈಗಲೂ ಅಲ್ಲೇ ಇದ್ದೇವೆ. ನನ್ನ ಕೈಯಲ್ಲಿ ಯಾರಾದರೂ ಬಾಡಿಗೆ ಕರಾರು ಕೊಟ್ಟರೆ ಈಗ ಚಾ ಕೆಳಗಿಟ್ಟು, ಎದುರಿನವರ ಮುಖ ಎಷ್ಟೇ ಸಣ್ಣದಾಗಲಿ, ದೊಡ್ಡಕೆ ಓದುತ್ತೇನೆ. ನಮ್ಮ ಆಸ್ಪತ್ರೆಯ ಎಳೆಯ ನರ್ಸುಗಳಿಗೂ ಓದಿ ಕೊಡುತ್ತೇನೆ. ಮುದ್ದತ್ತು, ಕಬ್ಜೆ ಎಂದು ಬಿಡಿಸಿ ಹೇಳುವಾಗ ನನ್ನ ಬಾಯಲ್ಲಿ ಖಾಲಾರ ದನಿಯೇ ಬರುತ್ತದೆ. ಅವರ ಋಣ ನಾನು ಹೀಗೆ ತೀರಿಸುತ್ತಿದ್ದೇನೆ, ತೀರುವುದಿಲ್ಲ ಎಂದೂ ಗೊತ್ತು.

ಖಾಲಾ ಹೋದ ಮೇಲೆ ಮೊದಲ ಸಲ ಕಾಗದ ಹೊಸದು ಮಾಡುವ ಹೊತ್ತಿಗೆ ಅವರ ಮಗ ಮತ್ತೆ ಬಂದಿದ್ದ. ಅದೇ ಜಗಲಿ. ಅಮ್ಮ ಪಾಯಸ ಮಾಡಿದ್ದಳು, ಅಭ್ಯಾಸಬಲದಿಂದ ಸಕ್ಕರೆ ಹಾಕದ್ದೂ ಒಂದು ಪಾಲು. ನಾನು ಓದಿದೆ. ಮಾಲೀಕರು ಎಂಬಲ್ಲಿ ಈಗ ಅವನ ಹೆಸರು. ವಾರಸುದಾರರು, ಮೂರು ತಿಂಗಳು, ಮಳೆಗಾಲ. ಓದಿ ಮುಗಿಸಿ ಪೆನ್ನು ಅವನಿಗೆ ಕೊಟ್ಟೆ.

ಅವನು ಪೆನ್ನು ತೆಗೆದುಕೊಳ್ಳಲಿಲ್ಲ. "ಆಡು ಎಲ್ಲಿ?" ಎಂದ.

"ಆಡು ಈಗ ಇಲ್ವಲ್ಲ. ನೀವೇ ಹೋದ ಸಲ ಬಂದಾಗ ನೆರೆಮನೆಯವರಿಗೆ ಕೊಟ್ರಿ. ಅದಕ್ಕೇ ಪತ್ರ ಬರೆಯೂವರು ಆ ಸಾಲು ತೆಗೆದ್ರು."

"ನಮ್ಮಮ್ಮ ಬರೆಸಿದ್ದು ಅದು," ಎಂದ. "ಇರ್ಲಿ, ಹಾಕಿಸಿ. ಹಾಕಿಸಿದ ಮೇಲೆ ಸಹಿ ಮಾಡ್ತೇನೆ."

ಕಾಗದದ ಕೊನೆಯಲ್ಲಿ ಖಾಲಿ ಜಾಗವಿತ್ತು. ನಾನೇ ಕೈಯಲ್ಲಿ ಬರೆದೆ, ಬರೆದದ್ದನ್ನು ದೊಡ್ಡಕೆ ಓದಿದೆ. ಅಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು.

"ಆತು," ಎಂದಳು. "ಈಗ ಸರಿ ಅದೆ. ಹಾಕಿ ಸಹಿ."